ಅಪ್ಪಚ್ಚ ಕವಿಯೂ ಯಯಾತಿಯ ಮನೆಯ ಮಂದಿಯೂ

ಕೊಡಗಿನಲ್ಲಿ ಹುಟ್ಟಿ ಬೆಳೆದವರಿಗೆ ಹರದಾಸ ಅಪ್ಪಚ್ಚ ಕವಿಯ ಹೆಸರು ಹೊಸದಲ್ಲ. ಸಾಹಿತ್ಯ ಸಭೆಗಳಲ್ಲಿ ಆ ಹೆಸರನ್ನು ಗೌರವದಿಂದ ಎತ್ತುತ್ತಾರೆ. ಹಾರ ಹಾಕಿದ ಒಂದು ಭಾವಚಿತ್ರವಿರುತ್ತದೆ. ಕೊಡವ ನುಡಿಯ ಆದಿಕವಿ ಎಂದು ಹಿರಿಯರೊಬ್ಬರು ಭಾಷಣ ಮಾಡುತ್ತಾರೆ. ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ನಾನೂ ಬಹುಕಾಲ ಹಾಗೆಯೇ ಚಪ್ಪಾಳೆ ತಟ್ಟಿ ಮನೆಗೆ ಹೋದವನು. ಕವಿಯನ್ನು ಓದುವ ಯೋಗ ಕೂಡಿಬಂದುದು ಬಿ.ಎ. ಅಂತಿಮ ವರ್ಷಕ್ಕೆ ಕಾಲಿಟ್ಟ ಮೇಲೆ. ಅದೂ ಒಂದು ಇಂಗ್ಲಿಷ್ ಪಾಠದ ದೆಸೆಯಿಂದ.

ಈ ವರ್ಷ ನಮಗೆ ಬ್ರೌನಿಂಗ್ ಕವಿಯ ‘ಮೈ ಲಾಸ್ಟ್ ಡಚೆಸ್’ ಎಂಬ ಕವಿತೆ ಪಾಠಕ್ಕಿತ್ತು. 1842ರಲ್ಲಿ ಅಚ್ಚಾದ ಕವಿತೆ ಅದು. ಮೊದಲಿನಿಂದ ಕೊನೆಯವರೆಗೆ ಅದರಲ್ಲಿ ಮಾತನಾಡುವವನು ಒಬ್ಬನೇ, ಇಟಲಿಯ ಒಬ್ಬ ಡ್ಯೂಕ್. ತೀರಿಹೋದ ಹೆಂಡತಿಯ ಚಿತ್ರವನ್ನು ಬಂದವನಿಗೆ ತೋರಿಸುತ್ತ, ಅವಳ ನಗೆ ತನ್ನೊಬ್ಬನಿಗೇ ಮೀಸಲಾಗಿರಲಿಲ್ಲವೆಂದು ದೂರುತ್ತಾನೆ. ಅವಳ ಸಾವಿಗೆ ಅವನೇ ಕಾರಣನೆಂಬುದು ಅವನ ನಯವಾದ ಮಾತಿನಿಂದಲೇ ಹೊರಬೀಳುತ್ತದೆ. ಡಚೆಸ್ಸಿನ ಬಾಯಿಂದ ಮಾತ್ರ ಒಂದು ಸೊಲ್ಲೂ ಇಲ್ಲ. ಪಾಠ ಮುಗಿದಾಗ ನಮ್ಮ ಅಧ್ಯಾಪಕರು ಒಂದು ಸೂಚನೆ ಕೊಟ್ಟರು. ಯಾವ ಕಾವ್ಯವನ್ನು ಓದಿದರೂ ಅದರಲ್ಲಿ ಮಾತನಾಡುವವರು ಯಾರು, ಸುಮ್ಮನಿರುವವರು ಯಾರು ಎಂದು ಮೊದಲು ನೋಡಬೇಕು. ಪ್ರೀತಿ ಎಲ್ಲಿದೆ, ಅಧಿಕಾರ ಎಲ್ಲಿದೆ ಎಂಬುದು ಆಮೇಲೆ ತಾನಾಗಿ ತಿಳಿಯುತ್ತದೆ ಎಂದರು. ಅದೇ ವಾರ ಗ್ರಂಥಾಲಯದಲ್ಲಿ ಅಪ್ಪಚ್ಚ ಕವಿಯ ಯಯಾತಿ ನಾಟಕ ನನ್ನ ಕೈಗೆ ಬಂತು. ಈ ಲೇಖನ ಆ ಎರಡರ ಕೂಟದಿಂದ ಹುಟ್ಟಿದ್ದು.

ಕವಿಯ ಪೂರ್ಣ ಹೆಸರು ಅಪ್ಪನೆರವಂಡ ಅಪ್ಪಚ್ಚ. ಅಪ್ಪನೆರವಂಡ ಎಂಬುದು ಒಕ್ಕದ ಹೆಸರು. ಕೊಡವರಲ್ಲಿ ಅದು ಮುಂದೆ ಬರುತ್ತದೆ. 1868ರಲ್ಲಿ ಮೂರ್ನಾಡಿಗೆ ಸಮೀಪದ ಕಿರುಂದಾಡು ಗ್ರಾಮದಲ್ಲಿ ಅವರು ಜನಿಸಿದರು. ಶಿವನ ಹೆಸರಾದ ‘ಹರ’ನನ್ನು ಸೇರಿಸಿ ನಾಡು ಅವರನ್ನು ಹರದಾಸರೆಂದು ಕರೆಯಿತು. 1944ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವ ಮೂರು ವರ್ಷ ಮೊದಲು, ಅವರು ತೀರಿಕೊಂಡರು. ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ ಮಾಹಾತ್ಮ್ಯ, ಕಾವೇರಿ ಎಂಬ ನಾಲ್ಕು ನಾಟಕಗಳನ್ನು ಅವರು ಕೊಡವ ತಕ್ಕಿನಲ್ಲಿ ಬರೆದರು. ಅವುಗಳಲ್ಲಿ ‘ಯಯಾತಿ ರಾಜಂಡ ನಾಟಕ’ 1906ರದು. ಆಗ ಕವಿಗೆ 38ರ ಪ್ರಾಯ. ಕೊಡವ ನುಡಿಯ ನಾಟಕ ಸಾಹಿತ್ಯ ಅಲ್ಲಿಂದಲೇ ಮೊದಲಾಗುತ್ತದೆ.

ಆ ಕಾಲವನ್ನು ಒಮ್ಮೆ ನೆನೆದುಕೊಳ್ಳಬೇಕು. ಕೊಡಗನ್ನು ಆಳಿದ ಹಾಲೇರಿ ವಂಶದ ಅರಸರ ಆಡಳಿತದ ಭಾಷೆ ಕನ್ನಡವಾಗಿತ್ತು. 19ನೆಯ ಶತಮಾನದ ಮೊದಲ ದಶಕದಲ್ಲಿ ದೊಡ್ಡವೀರರಾಜೇಂದ್ರನು ತನ್ನ ವಂಶದ ಕಥೆಯನ್ನು ‘ರಾಜೇಂದ್ರನಾಮೆ’ ಎಂಬ ಹೆಸರಿನಲ್ಲಿ ಕನ್ನಡದಲ್ಲೇ ಬರೆಯಿಸಿದನು. 1834ರಲ್ಲಿ ಬ್ರಿಟಿಷರು ಕೊನೆಯ ಅರಸ ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ನಾಡನ್ನು ತಮ್ಮ ಕೈಗೆ ತೆಗೆದುಕೊಂಡರು. ಆ ಮೇಲೂ ಶಾಲೆ, ಕಚೇರಿಗಳಲ್ಲಿ ಕನ್ನಡ ಉಳಿಯಿತು. ಅದರ ಮೇಲೆ ಇಂಗ್ಲಿಷ್ ಬಂದು ಕುಳಿತಿತು. ಕೊಡವ ತಕ್ಕ್ ಮನೆಯಲ್ಲಿ, ಗದ್ದೆಯಲ್ಲಿ, ಅಂಗಳದಲ್ಲಿ ಇತ್ತು, ಪುಸ್ತಕದಲ್ಲಿ ಇರಲಿಲ್ಲ. ಅಪ್ಪಚ್ಚ ಕವಿ ಹುಟ್ಟಿದಾಗ ಅರಸೊತ್ತಿಗೆ ಹೋಗಿ 34 ವರ್ಷಗಳಷ್ಟೇ ಆಗಿದ್ದವು. ಅರಸನ ಅಪ್ಪಣೆಯೆಂದರೆ ಏನೆಂದು ಕಣ್ಣಾರೆ ಕಂಡ ಮುದುಕರು ಅವರ ಬಾಲ್ಯದಲ್ಲಿ ಇನ್ನೂ ಬದುಕಿದ್ದರು. ಅರಸನು ತನ್ನ ಕಥೆಯನ್ನು ತಾನೇ ಹೇಳಿಸಿಕೊಂಡ ನಾಡಿನಲ್ಲಿ, ಒಂದು ಶತಮಾನದ ತರುವಾಯ, ಒಬ್ಬ ಕವಿ ಅರಸನನ್ನು ರಂಗದ ಮೇಲೆ ತಂದು, ಆಳಿಸಿಕೊಂಡವರ ನುಡಿಯಲ್ಲಿ ಮಾತನಾಡಿಸಿದನು. ಇದು ಸಣ್ಣ ಸಂಗತಿಯಲ್ಲ.

ಹಾಗೆಂದು ಕೊಡವ ನುಡಿಯಲ್ಲಿ ಅದಕ್ಕೂ ಮುಂಚೆ ಕಾವ್ಯವಿರಲಿಲ್ಲವೆಂದು ತಿಳಿಯಬಾರದು. ಬೇಕಾದಷ್ಟಿತ್ತು. ಮದುವೆಯಲ್ಲಿ, ಸಾವಿನಲ್ಲಿ, ಪುತ್ತರಿಯಲ್ಲಿ ನಾಲ್ವರು ಕೂಡಿ ದುಡಿ ಬಾರಿಸುತ್ತ ಹಾಡುವ ಬಾಳೋಪಾಟ್ ಇಂದಿಗೂ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನೂ ಪದ್ಧತಿಗಳನ್ನೂ ಕೂಡಿಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. ಆದರೆ ಬಾಳೋಪಾಟಿನ ರೀತಿ ಬೇರೆ. ಅಲ್ಲಿ ಹಾಡುವ ನಾಲ್ವರ ಧ್ವನಿ ಊರಿನ ಧ್ವನಿ. ವೀರನ ಸಾಹಸವನ್ನೂ ಮದುಮಗಳ ಕಣ್ಣೀರನ್ನೂ ಊರೇ ನಿಂತು ವರ್ಣಿಸುತ್ತದೆ. ಮದುಮಗಳು ಏನೆಂದುಕೊಂಡಳೆಂಬುದನ್ನೂ ಊರೇ ಹೇಳುತ್ತದೆ.

ನಾಟಕದಲ್ಲಿ ಹೀಗಾಗುವಂತಿಲ್ಲ. ಅಲ್ಲಿ ಕವಿ ತೆರೆಯ ಹಿಂದೆ ಸರಿಯಬೇಕು. ಪ್ರತಿಯೊಂದು ಮಾತಿಗೂ ಒಂದು ಬಾಯಿ ಬೇಕು. ಆ ಮಾತು ಎದುರಿಗಿರುವ ಇನ್ನೊಬ್ಬರಿಗೆ ಹೋಗಿ ಮುಟ್ಟಬೇಕು. ಅವರು ಅದಕ್ಕೆ ಉತ್ತರ ಕೊಡಬೇಕು. ಅರಸ ಎಷ್ಟೇ ದೊಡ್ಡವನಾದರೂ ತನ್ನ ಸರದಿ ಮುಗಿದ ಮೇಲೆ ದಾಸಿಯ ಮಾತು ಕೇಳಿಕೊಂಡು ನಿಲ್ಲಲೇಬೇಕು. ಬ್ರೌನಿಂಗನ ಡ್ಯೂಕ್ ಒಬ್ಬನೇ ಮಾತನಾಡಿ ತನ್ನ ದರ್ಪವನ್ನು ತಾನೇ ಬಯಲು ಮಾಡಿಕೊಳ್ಳುತ್ತಾನೆ. ಆ ರೂಪದ ಬಲ ಅದು. ನಮ್ಮ ಕವಿ ಹಿಡಿದ ರೂಪದಲ್ಲಿ ಡಚೆಸ್ಸಿಗೂ ಒಂದು ಸರದಿ ಇದೆ. ಪ್ರೀತಿಯೆಂಬುದು ಅಧಿಕಾರವಿರುವ ಮನೆಯಲ್ಲಿ ಏನಾಗುತ್ತದೆಂದು ನೋಡಬೇಕಾದರೆ ಇದಕ್ಕಿಂತ ತಕ್ಕ ರೂಪ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ.

ಯಯಾತಿಯ ಕಥೆ ಮಹಾಭಾರತದ ಆದಿಪರ್ವದ್ದು. ಅಸುರರ ಅರಸ ವೃಷಪರ್ವನ ಮಗಳು ಶರ್ಮಿಷ್ಠೆ. ಅಸುರ ಗುರು ಶುಕ್ರಾಚಾರ್ಯರ ಮಗಳು ದೇವಯಾನಿ. ಜಲಕ್ರೀಡೆಯ ದಿನ ಬಟ್ಟೆ ಅದಲುಬದಲಾಗಿ ಇಬ್ಬರಿಗೂ ಜಗಳವಾಗುತ್ತದೆ. ಶರ್ಮಿಷ್ಠೆ ದೇವಯಾನಿಯನ್ನು ಬಾವಿಗೆ ನೂಕಿ ಹೋಗುತ್ತಾಳೆ. ಬೇಟೆಗೆ ಬಂದ ಯಯಾತಿ ಕೈಹಿಡಿದು ಅವಳನ್ನು ಮೇಲಕ್ಕೆತ್ತುತ್ತಾನೆ. ದೇವಯಾನಿ ಹಟ ಹಿಡಿದು ಶರ್ಮಿಷ್ಠೆಯನ್ನು ತನ್ನ ದಾಸಿಯಾಗಿ ಪಡೆಯುತ್ತಾಳೆ. ಕುಲಕ್ಕೆ ಗುರುವಿನ ಆಸರೆ ತಪ್ಪಬಾರದೆಂದು ಅರಸುಮಗಳು ದಾಸಿಯಾಗಲು ಒಪ್ಪುತ್ತಾಳೆ. ಮುಂದೆ ದೇವಯಾನಿ ಯಯಾತಿಯ ರಾಣಿ. ಶರ್ಮಿಷ್ಠೆಯನ್ನು ಗೌರವದಿಂದ ಇಟ್ಟುಕೊಳ್ಳಬಹುದು, ಹಾಸಿಗೆಗೆ ಕರೆಯಬಾರದು ಎಂದು ಶುಕ್ರಾಚಾರ್ಯರ ಕಟ್ಟಳೆ. ಆದರೆ ಶರ್ಮಿಷ್ಠೆಯೇ ಅರಸನನ್ನು ಬೇಡುತ್ತಾಳೆ; ಅರಸ ಒಪ್ಪುತ್ತಾನೆ. ದೇವಯಾನಿಗೆ ಇಬ್ಬರು ಗಂಡುಮಕ್ಕಳು, ಶರ್ಮಿಷ್ಠೆಗೆ ಗುಟ್ಟಾಗಿ ಮೂವರು. ಗುಟ್ಟು ರಟ್ಟಾದ ದಿನ ಶುಕ್ರಾಚಾರ್ಯರು ಅರಸನಿಗೆ ಮುಪ್ಪು ಬರಲೆಂದು ಶಪಿಸುತ್ತಾರೆ. ಬೇರೆಯವರು ಒಪ್ಪಿದರೆ ಅವರಿಗೆ ಮುಪ್ಪನ್ನು ಕೊಟ್ಟು ಹರೆಯವನ್ನು ತೆಗೆದುಕೊಳ್ಳಬಹುದೆಂದು ವಿನಾಯಿತಿ. ನಾಲ್ವರು ಮಕ್ಕಳು ಒಲ್ಲೆನೆನ್ನುತ್ತಾರೆ. ದಾಸಿಯ ಕಿರಿಯ ಮಗ ಪೂರು ಒಪ್ಪಿಕೊಳ್ಳುತ್ತಾನೆ.

ಈ ಕಥೆಯಲ್ಲಿ ಪ್ರೀತಿಯಿಲ್ಲದ ಪಾತ್ರವಿಲ್ಲ. ಯಾರ ಪ್ರೀತಿಯೂ ಸಮಾನರ ನಡುವಿನದಲ್ಲ. ದೇವಯಾನಿಗೆ ಅಪ್ಪನ ತಪೋಬಲ ಬೆನ್ನಿಗಿದೆ. ಆದ್ದರಿಂದ ಅವಳು ಕೇಳಿದ್ದು ಅಪ್ಪಣೆಯಾಗುತ್ತದೆ. ಶರ್ಮಿಷ್ಠೆಗೆ ಅರಸನ ಮಗಳೆಂಬ ನೆನಪು ಮಾತ್ರ ಉಳಿದಿದೆ. ಆದ್ದರಿಂದ ಅವಳು ಕೇಳಿದ್ದು ಭಿಕ್ಷೆಯಾಗುತ್ತದೆ. ಯಯಾತಿ ಇಬ್ಬರಿಗೂ ಒಡೆಯ, ಶುಕ್ರಾಚಾರ್ಯರಿಗೆ ಅಂಜುವವನು. ಅವನು ಮಕ್ಕಳೆದುರು ನಿಂತಾಗ ಬೇಡುವವನು ಅಪ್ಪನೋ, ಆಜ್ಞಾಪಿಸುವವನು ಅರಸನೋ ಎಂದು ಬಿಡಿಸಿ ಹೇಳುವುದು ಕಷ್ಟ. ಒಲ್ಲೆನೆಂದ ಮಕ್ಕಳಿಗೆ ಅವನು ಶಾಪ ಕೊಡುತ್ತಾನೆ. ಶಾಪ ಕೊಡುವ ಶಕ್ತಿಯುಳ್ಳವನು ಬೇಡಿದರೆ ಅದು ಬೇಡಿಕೆ ಹೇಗಾದೀತು? ಈ ಪ್ರಶ್ನೆ ನನಗೆ ಮಹಾಭಾರತದ ಕಥೆಯನ್ನು ಕೇಳಿದಾಗ ಹೊಳೆದಿರಲಿಲ್ಲ. ಇವರೆಲ್ಲ ನಮ್ಮ ಮನೆಯ ನುಡಿಯಲ್ಲಿ ಒಬ್ಬರಿಗೊಬ್ಬರು ಮಾತನಾಡುವುದನ್ನು ಓದಿದಾಗ ಹೊಳೆಯಿತು.

ನಮ್ಮ ಮನೆ ಎಂದೆನಲ್ಲ, ಅದನ್ನು ಸ್ವಲ್ಪ ಹೇಳಬೇಕು. ನಾವು ಐನ್‌ಮನೆಯುಳ್ಳವರಲ್ಲ. ನಾನು ಬೆಳೆದದ್ದು ಕಾಫಿ ತೋಟದ ಲೈನ್‌ಮನೆಯಲ್ಲಿ. ಕೊಡವ ತಕ್ಕನ್ನು ಆಡುವ ಜನಾಂಗಗಳು ಈ ನಾಡಿನಲ್ಲಿ ಹಲವಿವೆ. ಅವುಗಳಲ್ಲಿ ನಮ್ಮದೂ ಒಂದು. ಮನೆಯಲ್ಲಿ ಆ ನುಡಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್, ಹೀಗೆ ಮೆಟ್ಟಿಲು ಹತ್ತಿದವನು ನಾನು. ನಮ್ಮ ಮನೆತನದಲ್ಲಿ ಪದವಿಯ ಪರೀಕ್ಷೆಗೆ ಕೂರುವವರಲ್ಲಿ ನಾನೇ ಮೊದಲಿಗ. ಪುಸ್ತಕವೆಂದರೆ ಮನೆಯ ಮಾತನ್ನು ಹೊಸಿಲಾಚೆ ಬಿಟ್ಟು ಒಳಗೆ ಹೋಗಬೇಕಾದ ಜಾಗವೆಂದು ತಿಳಿದಿದ್ದೆ. ಯಯಾತಿ ನಾಟಕವನ್ನು ತೆರೆದಾಗ, ಅವ್ವ ನನ್ನನ್ನು ಗದರುವ ಮಾತುಗಳ ಜಾತಿಯ ಮಾತುಗಳೇ ಕನ್ನಡ ಲಿಪಿಯಲ್ಲಿ ಅಚ್ಚಾಗಿ, ಅರಸರ ಬಾಯಲ್ಲಿ ಕುಳಿತಿದ್ದವು. ಒಂದು ಪುಟವನ್ನು ಎರಡು ಸಲ ಓದಿದೆ, ನಂಬಿಕೆ ಬಾರದೆ.

ಆ ರಜೆಯಲ್ಲಿ ಪುಸ್ತಕವನ್ನು ಮನೆಗೆ ಒಯ್ದೆ. ಕಾಫಿ ಕೊಯ್ಲಿನ ಕಾಲ. ಅಕ್ಕ ಸಂಜೆ ತೋಟದಿಂದ ಬಂದು ಒಲೆಯ ಮುಂದೆ ಕೂತಾಗ ನಾನು ಗಟ್ಟಿಯಾಗಿ ಓದುತ್ತಿದ್ದೆ. ಅಪ್ಪ ಮರಗಸಿ ಮಾಡುವಾಗ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅಕ್ಕ ಒಂಬತ್ತನೆಯ ತರಗತಿಯಲ್ಲಿದ್ದಳು. ಶಾಲೆ ಬಿಟ್ಟು ಕೊಯ್ಲಿಗೆ ಹೋದವಳು ಮತ್ತೆ ಶಾಲೆಗೆ ಹೋಗಲಿಲ್ಲ. ನಾನು ಆಗ ಐದನೆಯ ತರಗತಿ. ಅಲ್ಲಿಂದ ಇಲ್ಲಿಯವರೆಗೆ ನನ್ನ ಫೀಸು, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ಅವಳ ಬಟವಾಡೆಯಿಂದ ಬಂದವು. ಓದುವಾಗ ಅವಳು ನಡುನಡುವೆ ನಕ್ಕಳು. ದೇವಯಾನಿಯ ಸಿಟ್ಟನ್ನು ಕೇಳಿ ಇಂಥವರನ್ನು ತಾನು ಬಲ್ಲೆನೆಂದಳು. ಪೂರು ತನ್ನ ಹರೆಯವನ್ನು ಕೊಟ್ಟ ಘಟ್ಟಕ್ಕೆ ಬಂದಾಗ ಸುಮ್ಮನಾದಳು. ಬಹಳ ಹೊತ್ತಾದ ಮೇಲೆ ಒಂದು ಮಾತು ಕೇಳಿದಳು: ಕೊಟ್ಟ ಹರೆಯದಲ್ಲಿ ಆ ಅರಸ ಏನು ಮಾಡಿದ ಎಂದು.

ನಾನು ಕಥೆಯಲ್ಲಿದ್ದದ್ದನ್ನು ಹೇಳಿದೆ. ಸಾವಿರ ವರ್ಷ ಸುಖಪಟ್ಟನು, ಆಸೆ ತೀರಲಿಲ್ಲ, ಆಸೆಯನ್ನು ಉಣಿಸಿ ತೀರಿಸಲಾಗದೆಂದು ಕಡೆಗೆ ತಿಳಿದುಕೊಂಡು, ಹರೆಯವನ್ನು ಮಗನಿಗೆ ಹಿಂದಕ್ಕೆ ಕೊಟ್ಟು, ಅವನಿಗೇ ಪಟ್ಟ ಕಟ್ಟಿ ಕಾಡಿಗೆ ಹೋದನು. ಅಕ್ಕ ತಲೆದೂಗಿ, ಹಿಂದಕ್ಕೆ ಕೊಟ್ಟನಲ್ಲ, ಅಷ್ಟಾದರೂ ಮಾಡಿದನಲ್ಲ ಎಂದು ಅನ್ನಕ್ಕೆ ಎಸರಿಡಲು ಎದ್ದಳು. ಅವಳು ಯಾರನ್ನೂ ಚುಚ್ಚಲು ಹಾಗೆ ಹೇಳಿದವಳಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾಲೇಜಿನಲ್ಲಿ ನಾನು ಈ ನಾಟಕವನ್ನು ಓದುತ್ತ ನನ್ನನ್ನು ಪೂರುವಿನ ಜಾಗದಲ್ಲಿ ಇಟ್ಟುಕೊಂಡಿದ್ದೆ. ಹಿರಿಯರ ಭಾರ ಹೊತ್ತ ಬಡವರ ಮಗ ನಾನೆಂದು ಸ್ವಲ್ಪ ಹೆಮ್ಮೆಯನ್ನೂ ಪಟ್ಟಿದ್ದೆ. ನಮ್ಮ ಮನೆಯಲ್ಲಿ ಪೂರು ಯಾರೆಂದು ಒಲೆಯ ಮುಂದೆ ಗೊತ್ತಾಯಿತು. ಯಾರದೋ ಹರೆಯವನ್ನು ತೊಟ್ಟುಕೊಂಡು ತಿರುಗುತ್ತಿರುವವನು ನಾನು. ಅವಳನ್ನು ಯಾರೂ ಬಲವಂತ ಮಾಡಲಿಲ್ಲ. ನಿನಗೆ ಮನಸ್ಸಿದೆಯೇ ಎಂದು ಯಾರೂ ಕೇಳಲೂ ಇಲ್ಲ. ಪ್ರೀತಿಯೂ ಅಧಿಕಾರವೂ ಒಂದೇ ಕೋಣೆಯಲ್ಲಿ ಸದ್ದಿಲ್ಲದೆ ಇರಬಲ್ಲವೆಂಬುದನ್ನು ನಾನು ಪುಸ್ತಕದ ಮೂಲಕ ಮನೆಯಲ್ಲಿ ಕಂಡೆ.

ಕವಿಯ ಇನ್ನೆರಡು ನಾಟಕಗಳ ಕಥೆಗಳನ್ನೂ ಇದೇ ದೃಷ್ಟಿಯಿಂದ ನೋಡಬಹುದು. ಸಾವಿತ್ರಿಯ ಎದುರಿಗಿರುವವನು ಸಾಮಾನ್ಯ ಅರಸನಲ್ಲ, ಯಮಧರ್ಮ. ಅವಳ ಕೈಯಲ್ಲಿ ಆಯುಧವಿಲ್ಲ, ಬೆನ್ನಿಗೆ ಸೈನ್ಯವಿಲ್ಲ. ಗಂಡನ ಪ್ರಾಣವನ್ನು ಒಯ್ಯುವವನ ಹಿಂದೆ ನಡೆಯುತ್ತ, ಮಾತಿಗೆ ಮಾತು ಜೋಡಿಸುತ್ತಾಳೆ. ಗಂಡನ ಪ್ರಾಣವೊಂದನ್ನು ಬಿಟ್ಟು ಬೇರೇನನ್ನಾದರೂ ಕೇಳೆಂದ ಯಮನಿಂದ ಮಾವನ ಕಣ್ಣು, ಮಾವನ ರಾಜ್ಯ ಹೀಗೆ ಒಂದೊಂದಾಗಿ ಪಡೆದು, ಕಡೆಗೆ ತನಗೆ ಮಕ್ಕಳಾಗಲೆಂಬ ವರವನ್ನು ಪಡೆಯುತ್ತಾಳೆ. ಆ ವರ ನಡೆಯಬೇಕಾದರೆ ಗಂಡ ಬದುಕಲೇಬೇಕು. ಬಲವಿಲ್ಲದವರ ಬಲ ಮಾತು. ಮಾತಿನಿಂದಲೇ ಗೆಲ್ಲುವವಳ ಕಥೆಗೆ ನಾಟಕದ ರೂಪವೇ ಸರಿ.

ಕಾವೇರಿಯ ಕಥೆಯಂತೂ ನಮ್ಮ ನಾಡಿನದೇ. ಕವೇರ ಮುನಿಯ ಸಾಕುಮಗಳನ್ನು ಅಗಸ್ತ್ಯರು ಮದುವೆಯಾಗಬಯಸುತ್ತಾರೆ. ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬಾರದೆಂಬ ಕರಾರಿನ ಮೇಲೆ ಅವಳು ಒಪ್ಪುತ್ತಾಳೆ. ಒಂದು ದಿನ ಅಗಸ್ತ್ಯರು ಶಿಷ್ಯರನ್ನು ಕಾವಲಿಟ್ಟು ಸ್ನಾನಕ್ಕೆ ಹೋಗುತ್ತಾರೆ. ಕರಾರು ಮುರಿಯಿತೆಂದು ಕಾವೇರಿ ನದಿಯಾಗಿ ಹರಿದುಬಿಡುತ್ತಾಳೆ. ಶಿಷ್ಯರು ತಡೆಯಲು ಹೋದಾಗ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆ ಬರುತ್ತಾಳೆ. ಪ್ರತಿ ವರ್ಷ ಅಕ್ಟೋಬರ್ ನಡುವೆ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಸೇರುವ ನಾವು ಅವಳನ್ನು ತಾಯಿಯೆಂದು ಕೈಮುಗಿಯುತ್ತೇವೆ. ಆ ತಾಯಿ ಒಬ್ಬ ದೊಡ್ಡ ಋಷಿಯ ಮನೆಯನ್ನು ಬಿಟ್ಟು ಹೊರಟವಳೆಂಬುದನ್ನು ಮರೆತುಬಿಡುತ್ತೇವೆ. ಸಾವಿತ್ರಿ ಗಂಡನಿಗಾಗಿ ಹಿಂದೆ ನಡೆದವಳು. ಕಾವೇರಿ ಕೊಟ್ಟ ಮಾತಿಗಾಗಿ ಬಿಟ್ಟು ನಡೆದವಳು. ಒಬ್ಬನೇ ಕವಿ ಇಬ್ಬರನ್ನೂ ಆರಿಸಿಕೊಂಡನೆಂಬುದು ಗಮನಿಸತಕ್ಕ ಸಂಗತಿ. ಪ್ರೀತಿಯ ಧರ್ಮ ಒಂದೇ ದಾರಿಯದೆಂದು ಅವರು ತಿಳಿದಿರಲಿಲ್ಲ.

ಅಪ್ಪಚ್ಚ ಕವಿಯ ತರುವಾಯವೂ ಯಯಾತಿ ಕವಿಗಳನ್ನು ಬಿಡಲಿಲ್ಲ. ಮರಾಠಿಯಲ್ಲಿ ವಿ.ಎಸ್. ಖಾಂಡೇಕರರು 1959ರಲ್ಲಿ ಅವನನ್ನು ಕಾದಂಬರಿಯ ನಾಯಕನನ್ನಾಗಿ ಮಾಡಿದರು. ಕನ್ನಡದಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕ 1961ರಲ್ಲಿ ಬಂತು. ಕಾರ್ನಾಡರು ಪೂರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ತಂದರು. ಗಂಡ ರಾತ್ರೋರಾತ್ರಿ ಮುದುಕನಾದರೆ ಅವಳ ಪಾಡೇನು ಎಂಬುದನ್ನು ಅವಳ ಬಾಯಿಂದಲೇ ಕೇಳಿಸಿದರು. ಕಥೆಯಲ್ಲಿ ಇನ್ನೂ ಮಾತನಾಡದೆ ಉಳಿದವರು ಇದ್ದರು. ಅವರಲ್ಲಿ ಒಬ್ಬಳಿಗೆ ಆ ನಾಟಕ ಬಾಯಿ ಕೊಟ್ಟಿತು. ಅದಕ್ಕೆ 55 ವರ್ಷ ಮೊದಲೇ, ಬರವಣಿಗೆಯ ಸಂಪ್ರದಾಯವೇ ಇಲ್ಲದ ಒಂದು ನುಡಿಯಲ್ಲಿ, ಹಿಂದೆ ನಡೆದವರ ಹೆಜ್ಜೆಯ ಗುರುತಿಲ್ಲದ ದಾರಿಯಲ್ಲಿ, ಅಪ್ಪಚ್ಚ ಕವಿ ಇದೇ ಮನೆಯ ಬಾಗಿಲನ್ನು ತಟ್ಟಿದ್ದರು.

ಅವರನ್ನು ಆದಿಕವಿಯೆಂದು ಕರೆಯುವುದು ನ್ಯಾಯವೇ. 1994ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿಯಂಥ ಸಂಸ್ಥೆಗೂ ಅವರಂಥವರ ದುಡಿಮೆಯೇ ಬುನಾದಿ. ಆದರೂ ನನ್ನ ಸಹಪಾಠಿಗಳಲ್ಲಿ ಒಂದು ಬಿನ್ನಹವಿದೆ. ಕವಿಯನ್ನು ಭಾವಚಿತ್ರದಲ್ಲಿ ಬಿಟ್ಟುಬರಬೇಡಿ. ನಾಟಕವನ್ನು ಮನೆಗೆ ಒಯ್ದು, ಕಾಲೇಜು ಕಾಣದವರ ಮುಂದೆ ಗಟ್ಟಿಯಾಗಿ ಓದಿ. ಪುಸ್ತಕದಲ್ಲಿರುವ ಅರ್ಥದ ಅರ್ಧ ಅವರ ಹತ್ತಿರವಿದೆ.

ಈ ಮಾರ್ಚಿಗೆ ನನ್ನ ಪರೀಕ್ಷೆ ಮುಗಿಯುತ್ತದೆ. ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಲು ಬರುತ್ತದೆಂದು ವಿಚಾರಿಸಿಕೊಂಡು ಬಂದು ಅಕ್ಕನಿಗೆ ಹೇಳಿದ್ದೇನೆ. ಹೇಳಿದ್ದೇನೆ ಎಂದರೆ, ಈ ಸಲ ಕೇಳಿದ್ದೇನೆ. ನಿನಗೆ ಮನಸ್ಸಿದೆಯೇ ಎಂದು. ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದಾಳೆ. ಯಯಾತಿಗೆ ಸಾವಿರ ವರ್ಷ ಬೇಕಾಯಿತು. ನನಗೆ ಅಷ್ಟು ಕಾಲವಿಲ್ಲ.